ಬರಿಗೈಯ ವಿದ್ಯೆ: ಕರಾಟೆಯ ಹುಟ್ಟು, ಅದರ ಹಬ್ಬುಗೆ ಮತ್ತು ನಮ್ಮ ಹೆಣ್ಣುಮಕ್ಕಳು



ವಾರದಲ್ಲಿ ಎರಡು ದಿನ, ಸಂಜೆಯ ಕಡೆಯ ಪೀರಿಯಡಿನಲ್ಲಿ, ನಮ್ಮ ಆಟದ ಬಯಲಿನಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ನಿಂತು ಕರಾಟೆಯನ್ನು ಅಭ್ಯಸಿಸುವುದನ್ನು ತಾವೆಲ್ಲರೂ ಬಲ್ಲಿರಿ. ಈ ಪಾಠವು ಆರಂಭವಾದಂದಿನಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಕಡೆಗಳಿಂದಲೂ ಪೋಷಕರು ಬಂದು ನಮ್ಮನ್ನು ಬಗೆಬಗೆಯಾಗಿ ಪ್ರಶ್ನಿಸಿರುತ್ತಾರೆ. “ಅಮ್ಮಾ, ಹೆಣ್ಣುಹುಡುಗಿಗೆ ಗುದ್ದಾಟವೇತಕ್ಕೆ?” ಎಂದವರುಂಟು. “ಕೈಕಾಲು ಮುರಿದುಕೊಂಡರೆ ನಾಳೆ ಯಾರು ಕೇಳಿಕೊಂಡು ಬಂದಾರು?” ಎಂದು ಕಣ್ಣೀರು ತಂದುಕೊಂಡ ಅಜ್ಜಿಯುಂಟು. “ಇದು ಚೀನಾದವರದೋ ಜಪಾನಿನವರದೋ?” ಎಂದು ಕೇಳಿದ ಹಿರಿಯರುಂಟು. “ಮೂರು ತಿಂಗಳು ಕಲಿತರೆ ನಾಲ್ಕು ಮಂದಿಯನ್ನು ಹೊಡೆದು ಕೆಡವಬಲ್ಲಳೇ?” ಎಂದು ಹಿಗ್ಗಿನಿಂದ ವಿಚಾರಿಸಿದ ತಂದೆಯೂ ಒಬ್ಬರುಂಟು.

ಕಚೇರಿಯ ಬಾಗಿಲಲ್ಲಿ ನಿಂತು ಕೊಡುವ ಉತ್ತರವು ಅರೆಯುತ್ತರವೇ ಸರಿ. ಆದಕಾರಣ ಈ ವಿಷಯವನ್ನು ಪಾಠದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇವೆ. ಈ ವಿದ್ಯೆಯು ಎಲ್ಲಿ ಹುಟ್ಟಿತು, ಯಾರಿಂದ ಹಬ್ಬಿತು, ನಮ್ಮ ನಾಡಿಗೆ ಹೇಗೆ ಬಂದಿತು ಎಂಬುದನ್ನು ತಿಳಿದರೆ, ಅದು ನಮ್ಮ ಮಕ್ಕಳಿಗೆ ತಕ್ಕುದೋ ಅಲ್ಲವೋ ಎಂಬುದನ್ನು ತಾವೇ ತೀರ್ಮಾನಿಸಬಲ್ಲಿರಿ. ಒಂದು ಮಾತನ್ನು ಮೊದಲೇ ಹೇಳಿಬಿಡುವೆವು. ಈ ವಿದ್ಯೆಯನ್ನು ಲೋಕಕ್ಕೆ ಕೊಟ್ಟವರು ರಣಶೂರರಲ್ಲ. ನಮ್ಮಂತೆ ಸೀಮೆಸುಣ್ಣ ಹಿಡಿದ ಶಾಲಾ ಉಪಾಧ್ಯಾಯರು.

ಮೂರು ಊರುಗಳ ವಿದ್ಯೆ

ಜಪಾನಿನ ದಕ್ಷಿಣಕ್ಕೆ, ತೈವಾನಿನ ಕಡೆಗೆ ಹಾರದಂತೆ ಹರಡಿರುವ ದ್ವೀಪಗಳಿಗೆ ರ್ಯೂಕ್ಯೂ ಎಂದು ಹೆಸರು. ಅವುಗಳಲ್ಲಿ ದೊಡ್ಡದು ಒಕಿನಾವಾ. 1429ರಲ್ಲಿ ಶೋ ಹಾಶಿ ಎಂಬ ಅರಸನು ಅಲ್ಲಿನ ಸಣ್ಣ ಸಂಸ್ಥಾನಗಳನ್ನು ಒಂದುಗೂಡಿಸಿದನು. ಅದಕ್ಕೆ ಮೊದಲಿನಿಂದಲೂ ಚೀನಾ ದೇಶದೊಡನೆ ಕಪ್ಪಕಾಣಿಕೆಯ ಮತ್ತು ವ್ಯಾಪಾರದ ಸಂಬಂಧವಿತ್ತು. ಚೀನಾದ ಫುಜಿಯಾನ್ ಪ್ರಾಂತದಿಂದ ಕುಟುಂಬಗಳು ಬಂದು ನೆಲೆಸಿದ್ದವು. ದ್ವೀಪದ ಜನರಿಗೆ ಮೊದಲೇ ಬರಿಗೈಯ ಹೋರಾಟದ ವಿದ್ಯೆಯೊಂದು ತಿಳಿದಿತ್ತು. ಅದನ್ನು ಸರಳವಾಗಿ ‘ತೆ’, ಅಂದರೆ ‘ಕೈ’, ಎಂದು ಕರೆಯುತ್ತಿದ್ದರು. ಚೀನೀಯರ ಮುಷ್ಟಿವಿದ್ಯೆಯು ಇದರೊಡನೆ ಬೆರೆತು ‘ಚೀನಾ ಕೈ’ ಎಂಬ ಅರ್ಥದ ಹೆಸರು ಪಡೆಯಿತು. ಆ ಹಿರಿಯರ ಪ್ರಶ್ನೆಗೆ ಇದೇ ಉತ್ತರ: ಬೀಜದಲ್ಲಿ ಚೀನಾದ ಅಂಶವುಂಟು, ನೆಲ ಒಕಿನಾವಾದ್ದು, ಫಲವು ಜಪಾನಿನ ಹೆಸರಿನಲ್ಲಿ ಲೋಕಕ್ಕೆ ಹಂಚಿಕೆಯಾಯಿತು.

ಶೂರಿ, ನಾಹಾ, ತೊಮಾರಿ ಎಂಬ ಮೂರು ಊರುಗಳಲ್ಲಿ ಈ ವಿದ್ಯೆ ಮೂರು ಬಗೆಯಾಗಿ ಬೆಳೆಯಿತು. ಒಂದೂರಿನಿಂದ ಇನ್ನೊಂದೂರಿಗೆ ನಡೆದೇ ಹೋಗಬಹುದಾದಷ್ಟು ದೂರ. ಆದರೂ ನಿಲುವು ಬೇರೆ, ಉಸಿರಾಟದ ಕ್ರಮ ಬೇರೆ. ನಮ್ಮವರಿಗೆ ಇದು ಆಶ್ಚರ್ಯವೆನಿಸದು. ಗೌರಿಬಿದನೂರಿನ ಮಗುವೂ ಚಿಂತಾಮಣಿಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತು ಮಾತನಾಡಿದರೆ, ಕನ್ನಡದಲ್ಲಿ ತೆಲುಗು ಎಷ್ಟು ಬೆರೆತಿದೆ, ಯಾವ ಧಾಟಿಯಲ್ಲಿ ಬೆರೆತಿದೆ ಎಂಬುದರಿಂದಲೇ ಊರನ್ನು ಗುರುತಿಸುವವರು ನಾವು. ಶೂರಿ ರಾಜಧಾನಿ, ಅಲ್ಲಿನ ಬಗೆಯು ಚುರುಕು ನಡೆಯದು. ನಾಹಾ ಬಂದರು, ಅಲ್ಲಿನ ಬಗೆಯು ಗಟ್ಟಿ ನಿಲುವಿನದು. ಕಾನ್ರ್ಯೋ ಹಿಗಾವೊನ್ನಾ ಎಂಬ ನಾಹಾದ ಗುರುವು ಚೀನಾದ ಫುಜೌ ನಗರಕ್ಕೆ ಹೋಗಿ ಕಲಿತು ಬಂದವನು.

ಇಲ್ಲಿ ಎರಡು ಜನಜನಿತ ಕಥೆಗಳನ್ನು ಪರೀಕ್ಷಿಸುವುದು ಒಳ್ಳೆಯದು. ನಮ್ಮ ದಕ್ಷಿಣ ಭಾರತದಿಂದ ಹೊರಟ ಬೋಧಿಧರ್ಮನೆಂಬ ಬೌದ್ಧ ಸನ್ಯಾಸಿಯು ಚೀನಾದ ಶಾವೊಲಿನ್ ವಿಹಾರದಲ್ಲಿ ಈ ವಿದ್ಯೆಗೆ ಬೀಜ ಬಿತ್ತಿದನೆಂಬುದು ಮೊದಲನೆಯದು. ಕೇಳಲು ನಮಗೆ ಅಭಿಮಾನವೆನಿಸುತ್ತದೆ. ಆದರೆ ಆತನನ್ನು ಅಂಗಸಾಧನೆಯೊಡನೆ ಸೇರಿಸುವ ಬರಹಗಳು ಆತನ ಕಾಲಕ್ಕೆ ಬಹು ಶತಮಾನಗಳ ಈಚಿನವು; ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಎರಡನೆಯ ಕಥೆಯು 1609ಕ್ಕೆ ಸೇರಿದ್ದು. ಆ ವರ್ಷ ಜಪಾನಿನ ಸತ್ಸುಮಾ ಪಾಳೆಯದವರು ದ್ವೀಪವನ್ನು ಗೆದ್ದರು. ಆಯುಧಗಳನ್ನು ಕಸಿದುಕೊಂಡುದರಿಂದ ಬಡ ರೈತರು ಬರಿಗೈಯಲ್ಲಿ ಹೋರಾಡಲು ಕಲಿತರು ಎನ್ನುತ್ತಾರೆ. ಆಯುಧಗಳ ಮೇಲೆ ನಿರ್ಬಂಧವಿದ್ದುದು ನಿಜ. ಆದರೆ ನಮಗೆ ಹೆಸರು ತಿಳಿದಿರುವ ಗುರುಗಳಲ್ಲಿ ಹೆಚ್ಚಿನವರು ರೈತರಲ್ಲ. ಅರಮನೆಯ ಚಾಕರಿಯಲ್ಲಿದ್ದ ಮನೆತನದವರು. ಶೂರಿಯ ಸೋಕೊನ್ ಮತ್ಸುಮುರಾ ಅರಸರ ಅಂಗರಕ್ಷಕನಾಗಿದ್ದನು. ಆತನ ಹೆಂಡತಿಯೂ ಈ ವಿದ್ಯೆಯಲ್ಲಿ ಗಂಡನಿಗೆ ಸರಿಸಾಟಿಯಾಗಿದ್ದಳೆಂದು ಒಕಿನಾವಾದಲ್ಲಿ ಪ್ರತೀತಿಯಿದೆ.

ಕತ್ತಲಿನ ಅಂಗಳದಿಂದ ಶಾಲೆಯ ಬಯಲಿಗೆ

ಆ ಕಾಲದಲ್ಲಿ ಈ ವಿದ್ಯೆ ಗುಟ್ಟಿನದಾಗಿತ್ತು. ರಾತ್ರಿಯ ಹೊತ್ತು ಗುರುವಿನ ಮನೆಯಂಗಳದಲ್ಲಿ ಒಬ್ಬಿಬ್ಬರು ಶಿಷ್ಯರು ದೀಪದ ಬೆಳಕಿನಲ್ಲಿ ಕಲಿಯುತ್ತಿದ್ದರು. 1879ರಲ್ಲಿ ಜಪಾನ್ ಸರ್ಕಾರವು ರ್ಯೂಕ್ಯೂ ಅರಸೊತ್ತಿಗೆಯನ್ನು ತೆಗೆದುಹಾಕಿ ದ್ವೀಪವನ್ನು ತನ್ನ ಒಂದು ಪ್ರಾಂತವನ್ನಾಗಿ ಮಾಡಿತು. ಅರಮನೆಯ ಚಾಕರಿ ಹೋಯಿತು; ಅದನ್ನೇ ನಂಬಿದ್ದ ಮನೆತನಗಳು ಬಡವಾದವು. ವಿದ್ಯೆಯು ಮುದುಕರೊಡನೆ ಮಣ್ಣುಗೂಡುವ ಸ್ಥಿತಿ ಬಂದಿತು.

ಅದನ್ನು ಉಳಿಸಿದವರು ಆಂಕೊ ಇತೊಸು (1831–1915). ಇವರು ಅರಸರ ಬಳಿ ಬರವಣಿಗೆಯ ಕೆಲಸದಲ್ಲಿದ್ದವರು. 1901ರಲ್ಲಿ ಶೂರಿಯ ಪ್ರಾಥಮಿಕ ಶಾಲೆಯಲ್ಲಿ ಇವರ ಮೂಲಕ ಈ ವಿದ್ಯೆ ವ್ಯಾಯಾಮದ ಪಾಠವಾಯಿತು. ಕೆಲವು ವರ್ಷಗಳಲ್ಲಿ ಮಾಧ್ಯಮಿಕ ಶಾಲೆಗೂ ಹೋಯಿತು. 1908ರಲ್ಲಿ ಇತೊಸು ವಿದ್ಯಾ ಇಲಾಖೆಗೆ ಹತ್ತು ಅಂಶಗಳ ಪತ್ರವೊಂದನ್ನು ಬರೆದು, ಇದನ್ನು ಶಾಲೆಗಳಲ್ಲಿ ಹರಡಬೇಕೆಂದು ಕೋರಿದರು.

ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದ ನಮ್ಮಂಥವರಿಗೆ ಇತೊಸು ಮಾಡಿದ ಕೆಲಸವು ಬಹಳ ಹಿಡಿಸುತ್ತದೆ. ಹಳೆಯ ಅಭ್ಯಾಸಕ್ರಮಗಳು ಉದ್ದವಾದವು, ಕಠಿಣವಾದವು, ಮಕ್ಕಳಿಗೆ ಒಗ್ಗುವಂತಹವಲ್ಲ. ಅವರು ಅವುಗಳಿಂದ ಮಕ್ಕಳಿಗೆ ತಕ್ಕುದನ್ನು ಆಯ್ದು, ‘ಪಿನಾನ್’ ಎಂಬ ಐದು ಸಣ್ಣ ಪಾಠಗಳನ್ನು ಕಟ್ಟಿದರು. ಸುಲಭದಿಂದ ಕಠಿಣಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಎಂದು ನಾವು ತರಬೇತಿಯಲ್ಲಿ ಬಾಯಿಪಾಠ ಮಾಡಿದ ಸೂತ್ರವೇ ಇದು. ಒಬ್ಬ ಶಿಷ್ಯನಿಗೆ ಕಿವಿಯಲ್ಲಿ ಹೇಳುವುದನ್ನು ಐವತ್ತು ಮಕ್ಕಳಿಗೆ ಎಣಿಕೆಯ ಮೇಲೆ ಹೇಳಿಕೊಡುವಂತಾಯಿತು. ಇಂದು ನಮ್ಮ ಬಯಲಿನಲ್ಲಿ ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ಹೆಜ್ಜೆ ಹಾಕುವ ಪದ್ಧತಿಗೆ ಮೂಲವು ಆ ಶಾಲೆಗಳಲ್ಲಿದೆ.

ತೋಟ ಗುಡಿಸಿದ ಉಪಾಧ್ಯಾಯರು

ಇತೊಸುವಿನ ಶಿಷ್ಯರಲ್ಲಿ ಗಿಚಿನ್ ಫುನಾಕೊಶಿ (1868–1957) ಮುಖ್ಯರು. ದಿನ ತುಂಬದೆ ಹುಟ್ಟಿದ, ರೋಗಿಷ್ಠ ಮಗು. ಬದುಕಿ ಉಳಿಯುವುದೇ ಸಂದೇಹವೆನಿಸಿತ್ತು. ವೈದ್ಯಶಾಲೆಗೆ ಸೇರಬೇಕೆಂಬ ಆಸೆಯಿದ್ದಿತು. ಆದರೆ ಹೊಸ ಸರ್ಕಾರದ ನಿಯಮದಂತೆ ಜುಟ್ಟನ್ನು ಕತ್ತರಿಸಲು ಮನೆಯವರು ಒಪ್ಪಲಿಲ್ಲ. ಕೊನೆಗೆ ಶಾಲಾ ಉಪಾಧ್ಯಾಯರಾಗಿ, ಜುಟ್ಟನ್ನೂ ಕತ್ತರಿಸಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದರು. ಹಗಲು ಶಾಲೆ, ರಾತ್ರಿ ಗುರುವಿನ ಅಂಗಳ. ಒಂದೇ ಅಭ್ಯಾಸಕ್ರಮವನ್ನು ಗುರುವು ತೃಪ್ತಿಪಡುವ ತನಕ ತಿಂಗಳುಗಟ್ಟಲೆ ಮಾಡಬೇಕಾಗಿತ್ತು.

1922ರಲ್ಲಿ ಟೋಕಿಯೋ ನಗರದಲ್ಲಿ ವಿದ್ಯಾ ಇಲಾಖೆಯ ವತಿಯಿಂದ ಅಂಗಸಾಧನೆಯ ಪ್ರದರ್ಶನವೊಂದು ನಡೆಯಿತು. ಒಕಿನಾವಾದ ಪರವಾಗಿ ಫುನಾಕೊಶಿಯವರು ಹೋದರು. ಆಗ ಅವರಿಗೆ ಐವತ್ತು ದಾಟಿತ್ತು. ಕೆಲವು ದಿನಗಳಿಗೆಂದು ಹೋದವರು ಅಲ್ಲಿಯೇ ಉಳಿದರು. ಕೈಯಲ್ಲಿ ಹಣವಿಲ್ಲ, ಒಕಿನಾವಾದ ವಿದ್ಯಾರ್ಥಿಗಳು ತಂಗುವ ನಿಲಯವೊಂದರಲ್ಲಿ ಸಣ್ಣ ಕೋಣೆ ಹಿಡಿದು, ಹಗಲು ತೋಟ ಗುಡಿಸಿ ಕಾವಲುಗಾರನ ಕೆಲಸ ಮಾಡಿ, ಸಂಜೆ ಪಾಠ ಹೇಳುತ್ತಿದ್ದರು.

ಅವರಿಗೆ ಆಸರೆಯಾದವರು ಇನ್ನೊಬ್ಬ ಉಪಾಧ್ಯಾಯರು: ಜೂಡೋ ವಿದ್ಯೆಯ ಸ್ಥಾಪಕರಾದ ಜಿಗೊರೊ ಕಾನೊ (1860–1938). ಇವರೂ ಬಾಲ್ಯದಲ್ಲಿ ಸಣಕಲು ದೇಹದವರು, ಬಲಿಷ್ಠ ಹುಡುಗರಿಂದ ಪೆಟ್ಟು ತಿಂದವರು. 1882ರಲ್ಲಿ ಟೋಕಿಯೋದ ಬೌದ್ಧ ದೇವಾಲಯವೊಂದರಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಕೊಡೊಕಾನ್ ಎಂಬ ತಮ್ಮ ಶಾಲೆಯನ್ನು ತೆರೆದರು. ಅನಂತರ ಟೋಕಿಯೋದ ಉಚ್ಚ ನಾರ್ಮಲ್ ಶಾಲೆಯ ಮುಖ್ಯೋಪಾಧ್ಯಾಯರಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿದರು. ಬಲವನ್ನು ಹಾಳು ಮಾಡದೆ ಉಪಯೋಗಿಸುವುದು, ತನ್ನ ಏಳಿಗೆಯೊಡನೆ ಇತರರ ಏಳಿಗೆಯನ್ನೂ ಬಯಸುವುದು, ಇವೇ ಅವರ ಎರಡು ತತ್ತ್ವಗಳು. ಅವರು ಫುನಾಕೊಶಿಯವರನ್ನು ಕೊಡೊಕಾನಿಗೆ ಕರೆಸಿ ವಿದ್ಯೆಯ ಪ್ರದರ್ಶನ ಮಾಡಿಸಿದರು. ನಮ್ಮ ಮಕ್ಕಳು ತೊಡುವ ಬಿಳಿಯ ಉಡುಪೂ, ನಡುವಿಗೆ ಕಟ್ಟುವ ಪಟ್ಟಿಯೂ ಜೂಡೋದಿಂದ ಕರಾಟೆಗೆ ಬಂದವು.

1924ರಲ್ಲಿ ಕೇಯೊ ವಿಶ್ವವಿದ್ಯಾನಿಲಯದಲ್ಲಿ ಕರಾಟೆಯ ಸಂಘವು ಏರ್ಪಟ್ಟಿತು. ಇತರ ವಿದ್ಯಾಸಂಸ್ಥೆಗಳೂ ಅದನ್ನು ಅನುಸರಿಸಿದವು. ಫುನಾಕೊಶಿಯವರು ಹೆಸರನ್ನೂ ತಿದ್ದಿದರು. ‘ಕರಾ’ ಎಂಬ ಒಂದೇ ಉಚ್ಚಾರಣೆಗೆ ಜಪಾನಿ ಲಿಪಿಯಲ್ಲಿ ‘ಚೀನಾ’ ಎಂದೂ ‘ಬರಿದು’ ಎಂದೂ ಬರೆಯಬಹುದು. ಅವರು ಎರಡನೆಯದನ್ನು ಆರಿಸಿಕೊಂಡರು. 1936ರ ಅಕ್ಟೋಬರ್ 25ರಂದು ಒಕಿನಾವಾದ ಗುರುಗಳೂ ನಾಹಾ ನಗರದಲ್ಲಿ ಸಭೆ ಸೇರಿ ಅದನ್ನು ಒಪ್ಪಿದರು. ಕರಾಟೆಯೆಂದರೆ ಬರಿಗೈ, ಆಯುಧವಿಲ್ಲದ ಕೈ ಎಂಬುದು ಒಂದರ್ಥ, ಸ್ವಾರ್ಥವಿಲ್ಲದ ಮನಸ್ಸು ಎಂಬುದು ಅವರು ಹೇಳಿಕೊಟ್ಟ ಇನ್ನೊಂದರ್ಥ. ಅಭ್ಯಾಸವು ನಮಸ್ಕಾರದಿಂದ ಆರಂಭವಾಗಿ ನಮಸ್ಕಾರದಲ್ಲಿ ಮುಗಿಯಬೇಕು, ಕರಾಟೆ ಕಲಿತವನು ಮೊದಲು ಕೈಯೆತ್ತಕೂಡದು ಎಂಬುವು ಅವರು ವಿಧಿಸಿದ ನಿಯಮಗಳಲ್ಲಿ ಮುಖ್ಯವಾದವು.

ಮರೆಯಬಾರದ ಒಂದು ಅಧ್ಯಾಯ

ವಿದ್ಯೆ ಒಳ್ಳೆಯದಾದ ಮಾತ್ರಕ್ಕೆ ಅದರ ಬಳಕೆಯೂ ಒಳ್ಳೆಯದೇ ಆಗುವುದೆಂದು ಹೇಳಲಾಗದು. 1930ರ ಅನಂತರ ಜಪಾನಿನಲ್ಲಿ ಅಂಗಸಾಧನೆಗಳನ್ನೆಲ್ಲಾ ಯುದ್ಧದ ಸಿದ್ಧತೆಗೆ ಹೂಡಲಾಯಿತು. ಅದರ ಫಲವನ್ನು ಕರಾಟೆಯ ತವರೇ ಉಂಡಿತು. 1945ರ ಮಾರ್ಚಿಯಲ್ಲಿ ಒಕಿನಾವಾದ ಒಂದು ಹುಡುಗಿಯರ ಹೈಸ್ಕೂಲಿನಿಂದಲೂ ಉಪಾಧ್ಯಾಯಿನಿಯರ ನಾರ್ಮಲ್ ಶಾಲೆಯಿಂದಲೂ 222 ವಿದ್ಯಾರ್ಥಿನಿಯರನ್ನೂ 18 ಉಪಾಧ್ಯಾಯರನ್ನೂ ಸೈನ್ಯದ ಆಸ್ಪತ್ರೆಯ ಸೇವೆಗೆ ಒಯ್ದರು. ಗಾಯಾಳುಗಳನ್ನು ನೆಲದಡಿಯ ಗವಿಗಳಲ್ಲಿ ಶುಶ್ರೂಷಿಸಿದ ಆ ಮಕ್ಕಳನ್ನು ಜೂನ್ ತಿಂಗಳಲ್ಲಿ ಗುಂಡಿನ ಮಳೆಯ ನಡುವೆ ‘ಇನ್ನು ನಿಮ್ಮ ದಾರಿ ನಿಮಗೆ’ ಎಂದು ಬಿಟ್ಟುಬಿಟ್ಟರು. ಹೋದವರಲ್ಲಿ 136 ಮಂದಿ ಸತ್ತರು. ಹಿಮೆಯುರಿ ಎಂಬ ಹೆಸರಿನಿಂದ ಅವರ ಸ್ಮಾರಕವೂ ವಸ್ತುಸಂಗ್ರಹಾಲಯವೂ ಈಗ ಅಲ್ಲಿವೆ.

ಹುಡುಗಿಯರ ಹೈಸ್ಕೂಲನ್ನು ನಡೆಸುವವರು ಈ ಸಂಖ್ಯೆಯನ್ನು ಓದಿ ಸುಮ್ಮನೆ ಪುಟ ತಿರುವಲಾರರು. ಮಕ್ಕಳ ಬಲವು ಯಾವುದಕ್ಕಾಗಿ ಎಂಬುದನ್ನು ಬೆಳೆಸುವವರು ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮ ಶಾಲೆಯಲ್ಲಿ ಅದು ಮಗುವಿನ ಸ್ವಂತ ರಕ್ಷಣೆಗೂ ಆರೋಗ್ಯಕ್ಕೂ ಹೊರತು ಮತ್ತಾರ ಜಯಘೋಷಕ್ಕೂ ಅಲ್ಲ.

ಹೆಂಗಸರು ಒಳಗೆ ಬಂದ ಬಗೆ

ಜೂಡೋದಲ್ಲಿ ಕಾನೊ ಅವರು 1893ರಿಂದಲೇ ಹೆಂಗಸರಿಗೆ ಪಾಠ ಹೇಳಲಾರಂಭಿಸಿ, 1926ರಲ್ಲಿ ಕೊಡೊಕಾನಿನಲ್ಲಿ ಸ್ತ್ರೀಯರ ವಿಭಾಗವನ್ನು ತೆರೆದರು. ಆದರೂ ಸ್ಪರ್ಧೆಯ ಬಾಗಿಲು ಬಹುಕಾಲ ಮುಚ್ಚಿತ್ತು. 1959ರಲ್ಲಿ ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದ ವೈ.ಎಂ.ಸಿ.ಎ. ಜೂಡೋ ಪಂದ್ಯದಲ್ಲಿ ರಸ್ಟಿ ಕಾನೊಕೊಗಿ ಎಂಬಾಕೆ ಗಂಡಸಿನ ವೇಷದಲ್ಲಿ ಕಣಕ್ಕಿಳಿದು ಗೆದ್ದಳು. ಹೆಣ್ಣೆಂದು ತಿಳಿದೊಡನೆ ಪದಕವನ್ನು ಹಿಂದಕ್ಕೆ ಪಡೆದರು. ಆಕೆ ಸುಮ್ಮನಾಗಲಿಲ್ಲ. ಹೆಂಗಸರಿಗಾಗಿಯೇ ಮೊದಲ ವಿಶ್ವ ಜೂಡೋ ಪಂದ್ಯವು 1980ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದುದು ಆಕೆಯ ಶ್ರಮದಿಂದ. 1992ರ ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರ ಜೂಡೋ ಪೂರ್ಣವಾಗಿ ಸೇರಿತು. ಪಂದ್ಯ ನಡೆಸಿದ ಸಂಸ್ಥೆಯು ಐವತ್ತು ವರ್ಷಗಳ ಅನಂತರ, 2009ರಲ್ಲಿ, ಆಕೆಗೆ ಪದಕವನ್ನು ಕೊಟ್ಟು ಗೌರವಿಸಿತು.

ಕರಾಟೆಯು ಒಲಿಂಪಿಕ್ಕಿನಲ್ಲಿ ಸೇರಿದುದು ಒಮ್ಮೆ ಮಾತ್ರ: 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ. ಅಲ್ಲಿ ಅಭ್ಯಾಸಕ್ರಮದ ಪ್ರದರ್ಶನದಲ್ಲಿ ಸ್ವರ್ಣಪದಕವನ್ನು ಪಡೆದ ಸ್ಪೇನ್ ದೇಶದ ಸಾಂಡ್ರಾ ಸಾಂಚೆಜ್ ಎಂಬಾಕೆಗೆ ಆಗ 39 ವರ್ಷ. ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು. ಈಜಿಪ್ಟಿನ ಫೆರ್ಯಾಲ್ ಅಬ್ದೆಲ್ ಅಜೀಜ್ ಎಂಬಾಕೆಯು ಅದೇ ಕ್ರೀಡೆಗಳ ಕರಾಟೆಯಲ್ಲಿ ಗೆದ್ದು, ಒಲಿಂಪಿಕ್ ಸ್ವರ್ಣಪದಕ ಪಡೆದ ತನ್ನ ದೇಶದ ಮೊದಲ ಸ್ತ್ರೀಯಾದಳು.

ನಮ್ಮ ನಾಡಿಗೆ ಬಂದುದು

ಅಂಗಸಾಧನೆಗೆ ನಮ್ಮ ಕನ್ನಡ ನಾಡು ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಅಭ್ಯಾಸ, ಪಟ್ಟುಗಳ ವಿವರಣೆಯಿದೆ. ಮೈಸೂರಿನ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಪ್ರಸಿದ್ಧವಾದುದು. ಹಳೆಯ ಮೈಸೂರಿನ ಊರೂರಲ್ಲಿ ಕೆಮ್ಮಣ್ಣಿನ ಗರಡಿಮನೆಗಳಿದ್ದವು. ಆದರೆ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ತಂದೆಗೂ ಅಣ್ಣನಿಗೂ ಹಾಲು, ಬಾದಾಮಿ ಸಿದ್ಧಮಾಡಿ ಕೊಡುವುದಷ್ಟೇ ಅವರ ಪಾಲು.

ಜಪಾನಿನ ವಿದ್ಯೆಯನ್ನು ಭಾರತದಲ್ಲಿ ಹೆಣ್ಣುಮಕ್ಕಳಿಗೂ ತೆರೆದವರಲ್ಲಿ ರವೀಂದ್ರನಾಥ ಠಾಕೂರರು ಮೊದಲಿಗರು. 1929ರಲ್ಲಿ ಅವರು ಶಿಂಜೊ ತಾಕಾಗಾಕಿ ಎಂಬ ಜೂಡೋ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಹುಡುಗರೊಡನೆ ಹುಡುಗಿಯರೂ ಅವರಲ್ಲಿ ಕಲಿತರು. ಕರಾಟೆಯಾದರೋ ಜನಸಾಮಾನ್ಯರ ಬಾಯಿಗೆ ಬಂದುದು ಬಹುಮಟ್ಟಿಗೆ ಸಿನೆಮಾದ ಮೂಲಕ. 1973ರಲ್ಲಿ ತಯಾರಾದ ಬ್ರೂಸ್ ಲೀಯ ಚಿತ್ರವನ್ನು ನೋಡಿದ ತರುಣರು ಊರೂರಲ್ಲಿ ಕರಾಟೆಯ ತರಗತಿಗಳನ್ನು ಹುಡುಕಿಕೊಂಡು ಹೋದರು. ಆತನು ಮಾಡಿದ್ದು ಚೀನೀ ಕುಂಗ್‌ಫೂ ಆಧಾರದ ವಿದ್ಯೆ, ಕರಾಟೆಯಲ್ಲ ಎಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಸಿನೆಮಾ ಹುಟ್ಟಿಸಿದ ಆ ಕಲ್ಪನೆಯೇ ಇಂದಿಗೂ ನಮ್ಮ ಪೋಷಕರ ಮನಸ್ಸಿನಲ್ಲಿ ಕುಳಿತಿರುವುದು: ಹಾರಿ ಒದೆಯುವುದು, ಹಂಚು ಒಡೆಯುವುದು, ಹತ್ತು ಮಂದಿಯನ್ನು ಉರುಳಿಸುವುದು.

ಈಚೆಗೆ ಸರ್ಕಾರವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಸಮಗ್ರ ಶಿಕ್ಷಣದ ಯೋಜನೆಯಲ್ಲಿ ಆರರಿಂದ ಹನ್ನೆರಡನೆಯ ತರಗತಿಯ ತನಕ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿಗೆ ಅವಕಾಶವಿದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯು ವಸತಿಶಾಲೆಗಳ ಹುಡುಗಿಯರಿಗಾಗಿ ಏರ್ಪಡಿಸಿದ ತರಬೇತಿಗೆ ಓಬವ್ವನ ಹೆಸರನ್ನಿಟ್ಟಿದೆ. ಹೈದರಾಲಿಯ ಸೈನ್ಯವು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದಾಗ, ಕಾವಲುಗಾರನ ಹೆಂಡತಿಯಾದ ಓಬವ್ವ ಒನಕೆ ಹಿಡಿದು ನಿಂತ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. 2021ರಿಂದ ನವೆಂಬರ್ 11ರಂದು ಆಕೆಯ ಜಯಂತಿಯನ್ನು ರಾಜ್ಯವು ಆಚರಿಸುತ್ತಿದೆ.

ಬೆಳಗಾವಿ ಜಿಲ್ಲೆಯ ರೈತ ಕುಟುಂಬದ ಮಲಪ್ರಭಾ ಜಾಧವ್ ಜೂಡೋ ಕಲಿತು, ಅದರ ಸೋದರವಿದ್ಯೆಯಾದ ಕುರಾಶ್ ಎಂಬ ಕುಸ್ತಿಯಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳ ಕಂಚಿನ ಪದಕವನ್ನು ತಂದಳು. ಗರಡಿಯ ಹೊಸ್ತಿಲಲ್ಲಿ ನಿಂತಿದ್ದ ಹೆಣ್ಣುಮಗಳು ಎಲ್ಲಿಯವರೆಗೆ ನಡೆದಳೆಂಬುದನ್ನು ಇದರಿಂದ ತಿಳಿಯಬಹುದು.

ಕಲಿಯುವುದೇನು, ಕಲಿಯದಿರುವುದೇನು

ಕರಾಟೆಯ ಪಾಠದಲ್ಲಿ ಮೂರು ಭಾಗಗಳು. ಮೊದಲನೆಯದು ಕಿಹೋನ್, ಎಂದರೆ ಮೂಲಪಾಠ: ನಿಲ್ಲುವುದು, ಹೆಜ್ಜೆಯಿಡುವುದು, ತಡೆಯುವುದು, ಗುದ್ದುವುದು. ಬಲವು ತೋಳಿನಿಂದ ಬರುವುದಿಲ್ಲ. ಹಿಮ್ಮಡಿ ನೆಲವನ್ನೊತ್ತಿ, ಸೊಂಟ ತಿರುಗಿ, ಒಂದು ಕೈ ಹಿಂದಕ್ಕೆ ಸೆಳೆದಂತೆ ಇನ್ನೊಂದು ಕೈ ಮುಂದಕ್ಕೆ ಹೋಗುತ್ತದೆ. ರಾಗಿ ಬೀಸುವ ಕಲ್ಲನ್ನು ತಿರುಗಿಸಿದ ಅಜ್ಜಿಯರಿಗೆ, ತೋಳಿನ ಬಲವೊಂದೇ ಸಾಲದು, ಇಡೀ ಮೈ ತೂಗಬೇಕೆಂಬುದು ಚೆನ್ನಾಗಿ ಗೊತ್ತು. ಎರಡನೆಯದು ಕಟಾ, ಕಣ್ಣಿಗೆ ಕಾಣದ ಎದುರಾಳಿಯೊಡನೆ ಕ್ರಮವಾಗಿ ಹೆಜ್ಜೆಹಾಕುವ ಅಭ್ಯಾಸ. ಮೂರನೆಯದು ಕುಮಿತೆ, ಜೊತೆಗಾತಿಯೊಡನೆ ನಿಯಮಬದ್ಧವಾದ ಎದುರಾಟ. ಇಲ್ಲಿ ಗುದ್ದು ಮೈಗೆ ತಾಕುವ ಮೊದಲೇ ನಿಲ್ಲುವಂತೆ ಮಕ್ಕಳಿಗೆ ಕಲಿಸುತ್ತೇವೆ. ಕೈಯನ್ನು ಬೀಸುವುದಕ್ಕಿಂತ ಬೀಸಿದ ಕೈಯನ್ನು ತಡೆಹಿಡಿಯುವುದು ಕಷ್ಟ. ಹೆಚ್ಚಿನ ಹೊತ್ತು ಈ ಪಾಠಕ್ಕೇ ಬೇಕಾಗುತ್ತದೆ.

ಇವುಗಳ ಜೊತೆಗೆ ‘ಕಿಯಾಯ್’ ಎಂಬ ಕೂಗು. ಹೊಟ್ಟೆಯಿಂದ ಉಸಿರನ್ನು ಒಮ್ಮೆಲೇ ಹೊರಬಿಟ್ಟು ಕೂಗುವುದು. ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಕಠಿಣವಾದುದು ಇದೇ. ಗುದ್ದುವುದನ್ನು ವಾರದಲ್ಲಿ ಕಲಿತವರು ಕೂಗಲು ಎರಡು ತಿಂಗಳು ನಾಚಿದರು. ಮೆಲ್ಲಗೆ ಮಾತನಾಡು, ನಗಬೇಡ, ಸದ್ದು ಮಾಡಬೇಡ ಎಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿಸಿಕೊಂಡು ಬೆಳೆದ ಗಂಟಲು ಅದು.

ಹಿಗ್ಗಿನಿಂದ ಕೇಳಿದ ಆ ತಂದೆಯವರಿಗೆ ನಮ್ಮ ಉತ್ತರ ಹೀಗೆ. ಮೂರು ತಿಂಗಳಲ್ಲಿ ನಾಲ್ವರನ್ನು ಹೊಡೆಯುವುದಿರಲಿ, ಒಬ್ಬನನ್ನೂ ಹೊಡೆಯಬಲ್ಲಳೆಂದು ನಂಬಿ ಮಗಳನ್ನು ಅಪಾಯಕ್ಕೆ ದೂಡಬೇಡಿರಿ. ಶಿಡ್ಲಘಟ್ಟದ ಕಡೆಯವರಿಗೆ ಹುಳು ಸಾಕುವ ಕೆಲಸ ತಿಳಿದೇ ಇದೆ. ನಾಲ್ಕು ಜ್ವರ ಕಳೆಯದೆ ಹುಳು ಹಣ್ಣಾಗದು. ಹಣ್ಣಾಗದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟದು. ಈ ವಿದ್ಯೆಯೂ ಅಂತೆಯೇ. ಮೂರು ತಿಂಗಳಲ್ಲಿ ಬರುವುದು ಆರಂಭ ಮಾತ್ರ: ನೆಟ್ಟಗೆ ನಿಲ್ಲುವುದು, ಎದುರಿನವನ ಕಣ್ಣನ್ನು ನೋಡುವುದು, ಬೇಡವೆಂದು ಗಟ್ಟಿಯಾಗಿ ಹೇಳುವುದು, ಹಿಡಿದ ಕೈಯಿಂದ ಬಿಡಿಸಿಕೊಂಡು ಜನರಿರುವ ಕಡೆಗೆ ಓಡುವುದು. ಇಷ್ಟು ಬಂದರೆ ಅಲ್ಪವಲ್ಲ. ವಾರ್ಷಿಕೋತ್ಸವದಲ್ಲಿ ಹಂಚು ಒಡೆಸಿ ತೋರಿಸಿರೆಂದು ಕೆಲವರು ಕೇಳಿದಾಗ ನಾವು ಒಪ್ಪದಿದ್ದುದಕ್ಕೆ ಇದೇ ಕಾರಣ. ಹಂಚು ಎದುರು ಕೈಮಾಡುವುದಿಲ್ಲ.

ಇಬ್ಬರು ಹುಡುಗಿಯರು

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ನಾವು ಹೊಸದಾಗಿ ಉಪಾಧ್ಯಾಯಿನಿಯಾಗಿ ಸೇರಿದ ಕಾಲದಲ್ಲಿ, ಬೇರೊಂದು ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಬಂದು, ಬಸ್ಸಿನಲ್ಲಿ ಒಬ್ಬ ಗಂಡಸು ದಿನವೂ ಪಕ್ಕದಲ್ಲಿ ನಿಂತು ಮೈಮುಟ್ಟಿ ಕಾಡುತ್ತಾನೆಂದು ಅಳುತ್ತ ಹೇಳಿದಳು. ನಾವು ಆಕೆಗೆ ಹೇಳಿದ್ದೇನು? ತಲೆತಗ್ಗಿಸಿಕೊಂಡು ಹೋಗು, ಜೊತೆಯಲ್ಲಿ ಯಾರನ್ನಾದರೂ ಕರೆದುಕೋ, ಮುಂದಿನ ಸೀಟಿನಲ್ಲಿ ಕುಳಿತುಕೋ, ಯಾರಿಗೂ ಹೇಳಬೇಡ. ಒಳ್ಳೆಯ ಬುದ್ಧಿ ಹೇಳಿದೆವೆಂದೇ ಎಣಿಸಿದ್ದೆವು. ತಿಂಗಳು ಕಳೆಯುವುದರೊಳಗೆ ಮನೆಯವರಿಗೆ ವಿಷಯ ತಿಳಿದು ಶಾಲೆ ಬಿಡಿಸಿದರು. ಗಣಿತದಲ್ಲಿ ತರಗತಿಗೇ ಮೊದಲಿಗಳಾಗಿದ್ದ ಮಗು. ಆ ಮನುಷ್ಯನು ಮಾರನೆಯ ದಿನವೂ ಅದೇ ಬಸ್ಸಿನಲ್ಲಿ ಹೋದನು. ಮನೆಯಲ್ಲಿ ಕುಳಿತವಳು ಈಕೆ.

ಎರಡನೆಯವಳು ನಮ್ಮ ಈಗಿನ ಶಾಲೆಯವಳು, ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಬರುವವಳು. ಕರಾಟೆಯ ಪಾಠಕ್ಕೆ ಸೇರಿ ಒಂದು ವರ್ಷವಾಗಿರಲಿಲ್ಲ. ಪಟ್ಟಿಯ ಬಣ್ಣವಿನ್ನೂ ಬದಲಾಗಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಆಕೆಗೂ ಅದೇ ಕಷ್ಟ ಬಂದಿತು. ಆಕೆ ಗುದ್ದಲಿಲ್ಲ, ಒದೆಯಲಿಲ್ಲ. ತಿರುಗಿ ನಿಂತು, ಬಯಲಿನಲ್ಲಿ ಕಲಿತ ಆ ಕೂಗನ್ನು ಕೂಗಿ, “ಕೈ ತೆಗೆಯಿರಿ!” ಎಂದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ತರಕಾರಿ 
ಬುಟ್ಟಿಯೊಡನೆ ಕುಳಿತಿದ್ದ ಹೆಂಗಸರು ಎದ್ದು ನಿಂತರು, ಕಂಡಕ್ಟರರು ಸೀಟಿ ಊದಿ ಬಸ್ಸು ನಿಲ್ಲಿಸಿದರು, ಆತನು ಇಳಿಯಬೇಕಾಯಿತು.

ಮಾರನೆಯ ದಿನ ತಾಯಿ ಶಾಲೆಗೆ ಬಂದರು. ಬಿಡಿಸಲು ಬಂದಿರುವರೆಂದು ನಮಗೆ ಎದೆ ನಡುಗಿತು. ಆ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಊರಲ್ಲೆಲ್ಲಾ ಮಾತಾಗಿದೆ ಅಮ್ಮಾ. ಇವರಪ್ಪ ಇನ್ನು ಸಾಕು ಅಂತಾರೆ. ನೀವೊಂದು ಮಾತು ಬಂದು ಹೇಳಿ,” ಎಂದರು. ನಾವು ಹೋದೆವು. ತಂದೆ ಒಳ್ಳೆಯವರು, ಮಗಳ ಮೇಲೆ ಕೋಪವಿರಲಿಲ್ಲ, ಹೆದರಿಕೆಯಿತ್ತು. ನಾವು ಹಿಂದಿನ ಹುಡುಗಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಅವರಿಗೆ ಹೇಳಿದೆವು. ತಪ್ಪು ಮಾಡಿದವನು ದಾರಿಯಲ್ಲಿ ನಡೆಯುತ್ತಿರಲು, ತಪ್ಪಿಲ್ಲದವಳು ಮನೆಯಲ್ಲಿ ಕೂರುವುದು ಯಾವ ನ್ಯಾಯವೆಂದು ಕೇಳಿದೆವು. ಅವರು ಆ ದಿನ ಏನನ್ನೂ ಹೇಳಲಿಲ್ಲ. ಸೋಮವಾರ ಬೆಳಗ್ಗೆ ತಾವೇ ಮಗಳನ್ನು ಬಸ್ಸು ಹತ್ತಿಸಿದರು. ಅವಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.

ತಾಯಿತಂದೆಗಳಲ್ಲಿ ಕೋರಿಕೆ

ಈ ಪಾಠದಿಂದ ನಮಗೆ ತಿಳಿದುಬಂದುದನ್ನು ತಮ್ಮಲ್ಲಿ ಬಿನ್ನವಿಸುತ್ತೇವೆ. ಕರಾಟೆಯು ಲೋಕದಲ್ಲಿ ಹಬ್ಬಿದುದು ಗುಟ್ಟನ್ನು ಬಿಟ್ಟು ಶಾಲೆಯ ಬಯಲಿಗೆ ಬಂದುದರಿಂದ. ಹೆಣ್ಣುಮಕ್ಕಳ ಕಷ್ಟವೂ ಗುಟ್ಟಿನಲ್ಲಿರುವ ತನಕ ತೀರದು. ಮಗಳು ಬಂದು ಹೇಳಿದಾಗ ಮೊದಲು ಕೇಳಿರಿ. ಶಾಲೆ ಬಿಡಿಸುವ ಮಾತನ್ನು ಆಡಬೇಡಿರಿ. ತುರ್ತಿಗೆ 112, ಮಕ್ಕಳ ಸಹಾಯಕ್ಕೆ 1098 ಎಂಬ ಸಂಖ್ಯೆಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಗಂಡುಮಕ್ಕಳನ್ನು ಬೆಳೆಸುವ ತಾಯಂದಿರೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿದ್ದೀರಿ. ಬಸ್ಸನ್ನು ಸುರಕ್ಷಿತವಾಗಿಸುವ ಹೊರೆಯೆಲ್ಲವನ್ನೂ ಹದಿನಾಲ್ಕು ವರ್ಷದ ಹುಡುಗಿಯ ಹೆಗಲಿಗೆ ಹಾಕುವುದು ತರವಲ್ಲ. ಮೊದಲು ಕೈಯೆತ್ತಬಾರದೆಂಬ ಆ ಒಕಿನಾವಾದ ಉಪಾಧ್ಯಾಯರ ನಿಯಮವನ್ನು ನಿಮ್ಮ ಗಂಡುಮಕ್ಕಳಿಗೆ ಇಂದೇ ಕಲಿಸಿರಿ. ಅದಕ್ಕೆ ಬಿಳಿಯ ಉಡುಪು ಬೇಕಿಲ್ಲ.

ಕೈಕಾಲು ಮುರಿದೀತೆಂದು ಅಂಜುವ ಅಜ್ಜಿಯವರು ಯಾವ ಸಂಜೆಯಾದರೂ ಬಂದು ಬಯಲಿನ ಹುಣಸೆಮರದಡಿಯ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡಬಹುದು. ಮಕ್ಕಳು ಮೊದಲು ಕೈಜೋಡಿಸಿ, ಗುರುಗಳಿಗೂ ಒಬ್ಬರಿಗೊಬ್ಬರಿಗೂ ತಲೆಬಾಗಿ, ಅನಂತರವೇ ಅಭ್ಯಾಸಕ್ಕೆ ತೊಡಗುವುದನ್ನು ಕಾಣುವಿರಿ. ಕೂಗು ಕೇಳಿದಾಗ ಬೆಚ್ಚಬೇಡಿರಿ. ಅದು ನಿಮ್ಮ ಮೊಮ್ಮಗಳದೇ ದನಿಯಾಗಿರಬಹುದು.